ಮೆಣಸಿನಕಾಯಿ ಸಾಹುಕಾರರ ಪಿಸ್ತೂಲ್: ಒಂದು ಪ್ರಕರಣ ಅಧ್ಯಯನ

ಇದು ಹಾವೇರಿ ಜಿಲ್ಲೆಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ವಿಷಯ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಅಂಗಡಿ ಯಾವುದನ್ನೂ ಹೇಳಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಊರವರು ಕರೆಯುವ ಹಾಗೆ ಇಲ್ಲೂ ಅವರನ್ನು ಸಾಹುಕಾರರು ಎಂದೇ ಕರೆಯುತ್ತೇನೆ. ನಾನು ಸೇನೆಯ ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ವಿಭಾಗದಲ್ಲಿ ಆರ್ಮರರ್ ಆಗಿದ್ದವನು. ಅಂದರೆ ಬಂದೂಕು ರಿಪೇರಿಯ ಕೆಲಸ. ನಿವೃತ್ತಿಯಾದ ಮೇಲೆ ಧಾರವಾಡದಲ್ಲಿದ್ದೇನೆ. ಲೈಸೆನ್ಸ್ ಇರುವವರು ಆಗಾಗ ಸಲಹೆ ಕೇಳಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಮಾತು: "ಕೊಟ್ಟ ರೊಕ್ಕಕ್ಕ ಗ್ಯಾರಂಟಿ ಇರೋದು ಯಾವುದ್ರಿ?" ಸಾಹುಕಾರರೂ ಅದನ್ನೇ ಕೇಳಿದರು. ಉತ್ತರ ಸಿಗುವ ಹೊತ್ತಿಗೆ ಹತ್ತು ತಿಂಗಳು ಕಳೆದಿತ್ತು.

ಹಿನ್ನೆಲೆ

ಸಾಹುಕಾರರಿಗೆ ಆಗ ಐವತ್ತೆಂಟು ವರ್ಷ. ಊರ ಹೊರಗೆ ಗೋದಾಮು, ಅದಕ್ಕೆ ಹೊಂದಿಕೊಂಡೇ ಅಂಗಡಿ. ಬ್ಯಾಡಗಿ ಕಡೆಯ ವ್ಯಾಪಾರ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಸುಗ್ಗಿ ಬಂತೆಂದರೆ ರಾತ್ರಿ ಹತ್ತರವರೆಗೂ ತೂಕ, ಲೆಕ್ಕ, ಹಮಾಲರ ಬಟವಾಡೆ. ಒಂದು ಸುಗ್ಗಿಯಲ್ಲಿ ಇಬ್ಬರು ಬೈಕಿನಲ್ಲಿ ಹಿಂದೆ ಬಿದ್ದು, ಕೆರೆ ಏರಿಯ ಮೇಲೆ ಅಡ್ಡ ಹಾಕಿ ಅವರ ಚೀಲ ಕಿತ್ತುಕೊಂಡರು. ಚೀಲದಲ್ಲಿದ್ದದ್ದು ಕಿರ್ದಿ ಪುಸ್ತಕ ಮತ್ತು ಊಟದ ಡಬ್ಬಿ. ಆದರೆ ಬಿದ್ದ ಏಟಿಗೆ ಅವರ ಭುಜ ಎರಡು ತಿಂಗಳು ಮೇಲೇಳಲಿಲ್ಲ. ಅದಾದ ಮೇಲೆ ಪಿಸ್ತೂಲ್ ಲೈಸೆನ್ಸಿಗೆ ಅರ್ಜಿ ಹಾಕಿದರು.

ನನ್ನ ಹತ್ತಿರ ಬರುವವರಿಗೆಲ್ಲ ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಅಂಗಡಿಗೆ ಕ್ಯಾಮೆರಾ, ದಾರಿಗೆ ಲೈಟು, ದುಡ್ಡಿಗೆ ಬ್ಯಾಂಕು, ಈ ಮೂರೂ ಆಗಿದೆಯಾ? ಸಾಹುಕಾರರು ಮೂರನ್ನೂ ಮಾಡಿಸಿದ್ದರು. ರೈತರಿಗೆ ಕೊಡುವುದೆಲ್ಲ ಖಾತೆಗೇ ಹೋಗುತ್ತಿತ್ತು. ಹಾಗಾಗಿ ನಾನು ಮುಂದೆ ಮಾತಾಡಲು ಒಪ್ಪಿದೆ.

ಜಿಲ್ಲೆಯಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಹುಬ್ಬಳ್ಳಿ-ಧಾರವಾಡ ನಗರದಲ್ಲಾದರೆ ಪೊಲೀಸ್ ಕಮಿಷನರ್. ಅರ್ಜಿ, ಪೊಲೀಸ್ ವರದಿ, ವೈದ್ಯರ ಪ್ರಮಾಣಪತ್ರ, ಸುರಕ್ಷತಾ ತರಬೇತಿಯ ಪತ್ರ, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ, ಇಷ್ಟೆಲ್ಲ ಆಗಿ ಲೈಸೆನ್ಸ್ ಕೈಗೆ ಬಂದಾಗ 2023ರ ಜುಲೈ.

ಇನ್ನೊಂದು ವಿಷಯ ಮುಖ್ಯ. ಅವರ ಹತ್ತಿರ ಅಪ್ಪನ ಕಾಲದ ಜೋಡುನಳಿಗೆ ಬಂದೂಕು ಮೊದಲೇ ಇತ್ತು, ಅದೂ ಲೈಸೆನ್ಸಿನಲ್ಲೇ. ಮುಂಚೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಅಂದರೆ ಈ ಪಿಸ್ತೂಲೇ ಅವರ ಎರಡನೆಯದು, ಕೊನೆಯದು. ತಪ್ಪಾದರೆ ಮಾರಬೇಕು, ಮತ್ತೆ ಪುಸ್ತಕದಲ್ಲಿ ನಮೂದು ಬದಲಿಸಬೇಕು, ಮತ್ತೆ ಕಚೇರಿ ಅಲೆಯಬೇಕು. ಸುಮ್ನೆ ಒಂದು ತಗೊಂಡು ನೋಡೋಣ ಎನ್ನುವ ಹಾಗಿರಲಿಲ್ಲ.

ತೊಡಕು ಎಲ್ಲಿತ್ತು

ಮೊದಲ ದಿನ ಅವರ ಜೊತೆ ಮಗನೂ ಬಂದಿದ್ದ. ಬೆಂಗಳೂರಿನಲ್ಲಿ ಎಂಜಿನಿಯರ್. ಫೋನಿನಲ್ಲಿ ಅಮೆರಿಕದವರ ವಿಡಿಯೋ ತೋರಿಸಿದ. ಮಣ್ಣಲ್ಲಿ ಹೂತರೂ ಹಾರುವ ಪಿಸ್ತೂಲ್, ನೀರಲ್ಲಿ ಅದ್ದಿದರೂ ಹಾರುವ ಪಿಸ್ತೂಲ್. "ಅಂಕಲ್, ಇದೇ ಬೆಸ್ಟ್ ಅಂತ ಎಲ್ಲರೂ ಹೇಳ್ತಾರೆ" ಎಂದ. ಹುಡುಗ ತಪ್ಪು ಹೇಳಲಿಲ್ಲ. ಆದರೆ ಆ ಪಿಸ್ತೂಲುಗಳು 9 ಎಂಎಂ ಪ್ಯಾರಾಬೆಲಮ್ ಎಂಬ ಕಾಡತೂಸಿನವು. ನಮ್ಮ ಕಾನೂನಿನಲ್ಲಿ ಅದು ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ). ಜಿಲ್ಲಾಧಿಕಾರಿ ಅದಕ್ಕೆ ಲೈಸೆನ್ಸ್ ಕೊಡುವ ಹಾಗಿಲ್ಲ. .45 (ಇದು ಇಂಚಿನ ಲೆಕ್ಕ) ಕೂಡ ಹಾಗೆಯೇ. ಸಾಮಾನ್ಯ ಲೈಸೆನ್ಸಿನವರಿಗೆ ಕೈಬಂದೂಕಿನಲ್ಲಿ ಉಳಿಯುವುದು ಮುಖ್ಯವಾಗಿ .32. ಅದರ ಮೇಲೆ ವಿದೇಶಿ ಬಂದೂಕುಗಳ ಆಮದು 1980ರ ದಶಕದ ಮಧ್ಯದಲ್ಲೇ ನಿಂತುಹೋಗಿದೆ. ಹಾಗಾಗಿ ಆ ವಿಡಿಯೋಗಳಲ್ಲಿ ನಮ್ಮ ಅಂಗಡಿಗೆ ಅನ್ವಯಿಸುವುದು ಹೆಚ್ಚೇನೂ ಇಲ್ಲ.

ಹುಬ್ಬಳ್ಳಿಯ ಡೀಲರ್ ಹತ್ತಿರ ಅವರ ಮುಂದೆ ಮೂರು ದಾರಿ ಇದ್ದವು. ಒಂದು, ಹಳೇ ವಿದೇಶಿ .32 ಪಿಸ್ತೂಲ್, ನಾಲ್ಕೂಮುಕ್ಕಾಲು ಲಕ್ಷ. ಎರಡು, ನಮ್ಮ ದೇಶದಲ್ಲೇ ತಯಾರಾದ ಹೊಸ .32 ಪಿಸ್ತೂಲ್, ಒಂದು ಲಕ್ಷಕ್ಕಿಂತ ಸ್ವಲ್ಪ ಮೇಲೆ. ಮೂರು, ದೇಶೀ .32 ರಿವಾಲ್ವರ್, ಹೆಚ್ಚುಕಡಿಮೆ ಅದೇ ಬೆಲೆ. ಸಾಹುಕಾರರ ಮನಸ್ಸಿನಲ್ಲಿ ಲೆಕ್ಕ ಆಗಲೇ ಮುಗಿದಿತ್ತು. ಮೆಣಸಿನಕಾಯಿಯಲ್ಲಿ ಮೂವತ್ತು ವರ್ಷ ಕಳೆದವರು. "ಹವಾಲ್ದಾರ್ರ, ಡಬ್ಬಿ ಕಾಯಿಗೂ ಕಡ್ಡಿ ಕಾಯಿಗೂ ರೇಟು ಸುಮ್ಮನ ಬ್ಯಾರೆ ಇರಂಗಿಲ್ರಿ. ನಾಕು ಪಟ್ಟು ರೊಕ್ಕ ಅಂದ್ರ ನಾಕು ಪಟ್ಟು ಮಾಲು" ಎಂದರು. ಡಬ್ಬಿ, ಕಡ್ಡಿ ಎರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆಗಳು.

ನಾನು ಅಲ್ಲೇ ತಡೆದೆ. ಆ ನಾಲ್ಕೂಮುಕ್ಕಾಲು ಲಕ್ಷದಲ್ಲಿ ಬಹುಪಾಲು ಅಭಾವದ ಬೆಲೆ. ಹೊರಗಿನಿಂದ ಹೊಸದು ಬರುವುದಿಲ್ಲ, ಇರುವ ಹಳೆಯವು ಕೈಯಿಂದ ಕೈಗೆ ಓಡಾಡುತ್ತವೆ, ಪ್ರತಿ ಸಲ ಬೆಲೆ ಏರುತ್ತದೆ. ಕಬ್ಬಿಣ ಮಾತ್ರ ಅದೇ ಹಳೇ ಕಬ್ಬಿಣ. ತಯಾರಾದಾಗ ಅದು ಅದ್ಭುತ ಮಾಲೇ, ನನಗೂ ಆ ಪಿಸ್ತೂಲುಗಳ ಮೇಲೆ ಪ್ರೀತಿ ಇದೆ. ಆದರೆ ಅದರೊಳಗಿನ ಸ್ಪ್ರಿಂಗ್ ಎಷ್ಟು ಸಲ ಕುಗ್ಗಿ ಹಿಗ್ಗಿದೆ ಎಂದು ಬೆಲೆಪಟ್ಟಿ ಹೇಳುವುದಿಲ್ಲ.

ಹಳೇ ಪಿಸ್ತೂಲಿನ ಪರೀಕ್ಷೆ

ಸಾಹುಕಾರರ ಸಮಾಧಾನಕ್ಕೆ ಅದನ್ನೇ ಮೊದಲು ನೋಡಿದೆವು. ಹೊರಗೆ ನೀಲಿ ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದೇ ನನಗೆ ಅನುಮಾನ ತಂದಿತು. ಅಷ್ಟು ವಯಸ್ಸಾದ ಪಿಸ್ತೂಲಿಗೆ ಆ ಹೊಳಪು ಬಂತೆಂದರೆ ಯಾರೋ ಮತ್ತೆ ಪಾಲಿಶ್ ಮಾಡಿ ಬಣ್ಣ ಏರಿಸಿದ್ದಾರೆ ಎಂದರ್ಥ. ಅಕ್ಷರಗಳ ಅಂಚು ಕರಗಿದ ಸಾಬೂನಿನ ಹಾಗೆ ಮೊಂಡಾಗಿತ್ತು. ಬ್ಯಾರಲ್ ಒಳಗೆ ಬೆಳಕು ಬಿಟ್ಟು ನೋಡಿದೆ, ಗುಂಡನ್ನು ತಿರುಗಿಸಲು ಕೊರೆದ ಗೀರುಗಳು ಚೆನ್ನಾಗಿಯೇ ಇದ್ದವು. ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಭಾಗ, ಅದನ್ನು ಎಳೆದು ನಿಧಾನವಾಗಿ ಮುಂದೆ ಬಿಟ್ಟೆ. ಕೊನೆಯ ಎರಡು ಮಿಲಿಮೀಟರ್ ಬಾಕಿ ಇರುವಾಗ ನಿಂತುಬಿಟ್ಟಿತು. ಬೆರಳಲ್ಲಿ ತಳ್ಳಿದ ಮೇಲೆ ಮುಚ್ಚಿಕೊಂಡಿತು.

.32 ಪಿಸ್ತೂಲುಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್ ರೀತಿಯವು. ಗುಂಡು ಹಾರುವ ಹೊತ್ತಿಗೆ ಸ್ಲೈಡನ್ನು ಕಟ್ಟಿ ಹಿಡಿಯುವ ಬೀಗ ಅವುಗಳಲ್ಲಿ ಇರುವುದಿಲ್ಲ. ಸ್ಲೈಡಿನ ತೂಕ, ಸ್ಪ್ರಿಂಗಿನ ಬಿಗಿ, ಇವೆರಡೇ ಹಿಡಿದುಕೊಳ್ಳುವುದು. ಸ್ಪ್ರಿಂಗ್ ಸೋತರೆ ಕೆಲಸವೂ ಕೆಡುತ್ತದೆ, ಪಿಸ್ತೂಲಿನ ಮೈಗೂ ಪ್ರತಿ ಗುಂಡಿಗೆ ಏಟು ಬೀಳುತ್ತದೆ.

ಅದರ ಜೊತೆ ಎರಡು ಮ್ಯಾಗ್‌ಜಿನ್ (ಹಿಡಿಕೆಯೊಳಗೆ ಕೂರುವ, ಕಾಡತೂಸು ತುಂಬುವ ಡಬ್ಬಿ) ಇದ್ದವು. ಒಂದು ಮೂಲದ್ದು. ಇನ್ನೊಂದನ್ನು ಯಾರೋ ಆಮೇಲೆ ಮಾಡಿಸಿದ್ದರು. ನಾನು ಎರಡರ ತಳಕ್ಕೂ ಬಿಳಿ ಬಣ್ಣದಲ್ಲಿ 1, 2 ಎಂದು ಬರೆದೆ. ಇದೊಂದು ಸಣ್ಣ ಕೆಲಸ, ಆದರೆ ಇದನ್ನು ಮಾಡದೆ ನಾನು ಯಾವ ಪಿಸ್ತೂಲನ್ನೂ ಪರೀಕ್ಷೆ ಮಾಡುವುದಿಲ್ಲ. ಡೀಲರ್‌ಗೆ ಪರೀಕ್ಷೆಗೆ ಅನುಮತಿ ಇದ್ದ ಜಾಗದಲ್ಲಿ ಅವರ ಕೆಲಸಗಾರನೇ ಹಾರಿಸಿದ. ಕಾಡತೂಸಿನ ಖರ್ಚು ಸಾಹುಕಾರರು ಕೊಟ್ಟರು. ಏಳೇಳು ಗುಂಡಿನಂತೆ ಒಂದೊಂದು ಮ್ಯಾಗ್‌ಜಿನ್‌ಗೆ ಮೂರು ಸಲ, ಒಟ್ಟು 42 ಗುಂಡು. ನಾನು ಪಕ್ಕದಲ್ಲಿ ನಿಂತು ಬರೆದುಕೊಂಡೆ.

1ನೇ ಮ್ಯಾಗ್‌ಜಿನ್: 21ಕ್ಕೆ 21 ಸರಿ. 2ನೇ ಮ್ಯಾಗ್‌ಜಿನ್: 21ರಲ್ಲಿ ನಾಲ್ಕು ಸಲ ಸಿಕ್ಕಿಕೊಂಡಿತು. ನಾಲ್ಕೂ ಸಲ ಒಂದೇ ರೀತಿ: ಕಾಡತೂಸಿನ ಮೂತಿ ಮೇಲಕ್ಕೆ ಎದ್ದು ಚೇಂಬರಿನ (ಹಾರುವ ಮುಂಚೆ ಕಾಡತೂಸು ಕೂರುವ ಗೂಡು) ಬಾಯಿಗೆ ಅಡ್ಡ ನಿಂತಿತ್ತು. ಮ್ಯಾಗ್‌ಜಿನ್ ತೆಗೆದು ನೋಡಿದರೆ ಎಡಗಡೆಯ ತುಟಿ ಕೂದಲೆಳೆಯಷ್ಟು ಹೊರಗೆ ಬಾಗಿತ್ತು. ಕಾಡತೂಸನ್ನು ಹಿಡಿದುಕೊಳ್ಳುವುದೇ ಆ ಎರಡು ತುಟಿಗಳು.

ಡೀಲರ್ ಕಡೆಯವರು "ಹಳೇ ಮಾಲ್ ಅಲ್ರಿ, ಕೈಗೆ ರೂಢಿ ಆದ್ರ ಸರಿ ಹೋಗ್ತೈತಿ" ಎಂದರು. ನನಗೆ ಸಿಟ್ಟು ಬಂತು. ಜೀವದ ಪ್ರಶ್ನೆಗೆ ಇಟ್ಟುಕೊಳ್ಳುವ ಸಾಮಾನಿನ ಬಗ್ಗೆ ಹಾಗೆ ಹೇಳಬಾರದು. ಆದರೂ ಸಾಹುಕಾರರ ಮನಸ್ಸು ಇನ್ನೂ ಅದರ ಮೇಲೇ ಇತ್ತು. "ಒಂದನೇದ್ದು ಚೊಲೊ ಐತಲ್ರಿ, ಅದೊಂದ ಸಾಕು" ಎಂದರು. ಆಗ ನಾನು ಕೇಳಿದ್ದು ಇಷ್ಟೇ: "ಅದು ಕೆಟ್ಟ ದಿನ ಇನ್ನೊಂದು ಎಲ್ಲಿಂದ ತರ್ತೀರಿ, ಸಾವ್ಕಾರ್ರ? ಸ್ಪ್ರಿಂಗ್ ಎಲ್ಲಿಂದ ತರ್ತೀರಿ?" ಅವರು ಡೀಲರ್ ಮುಖ ನೋಡಿದರು. ಡೀಲರ್ ಮಾತಾಡಲಿಲ್ಲ. ಸಾಹುಕಾರರು ಪಿಸ್ತೂಲನ್ನು ಮೇಜಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಇದು ಈ ಪ್ರಕರಣದ ಮೊದಲ ತಿರುವು.

ರಿವಾಲ್ವರೋ, ಪಿಸ್ತೂಲೋ

ನಾನು ರಿವಾಲ್ವರ್ ಪರವಾಗಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ತಿಂಗಳುಗಟ್ಟಲೆ ಮುಟ್ಟದೆ ಕಪಾಟಿನಲ್ಲಿ ಇಡುವವರಿಗೆ, ಅಭ್ಯಾಸ ಕಡಿಮೆ ಇರುವವರಿಗೆ ರಿವಾಲ್ವರೇ ಒಳ್ಳೆಯದು ಎಂದು ಇವತ್ತಿಗೂ ಹೇಳುತ್ತೇನೆ. ಸ್ಲೈಡ್ ಇಲ್ಲ, ಮ್ಯಾಗ್‌ಜಿನ್ ಇಲ್ಲ. ಒಂದು ಕಾಡತೂಸು ಹಾರದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನದು ಬರುತ್ತದೆ. ಒಳಗೆ ಗುಂಡಿದೆಯೋ ಇಲ್ಲವೋ ಎಂಬುದೂ ತೆರೆದರೆ ಕಣ್ಣಿಗೆ ಕಾಣುತ್ತದೆ. ತೂಕದ ಚಿಂತೆಯೂ ಇಲ್ಲ, ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ತಂದ 'ನಿರ್ಭೀಕ್' ರಿವಾಲ್ವರ್ ಅರ್ಧ ಕಿಲೋ ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎರಡಕ್ಕೂ .32 ಎನ್ನುತ್ತಾರೆ, ಆದರೆ ಕಾಡತೂಸು ಬೇರೆ ಬೇರೆ. ಪಿಸ್ತೂಲಿನದ್ದು .32 ಎಸಿಪಿ, ಅದಕ್ಕೇ 7.65 ಎಂಎಂ ಬ್ರೌನಿಂಗ್ ಎಂದೂ ಹೆಸರು. ಗಿಡ್ಡದು. ರಿವಾಲ್ವರಿನದ್ದು .32 ಸ್ಮಿತ್ ಅಂಡ್ ವೆಸನ್ ಲಾಂಗ್, ಉದ್ದದ್ದು. ಒಂದರದ್ದನ್ನು ಇನ್ನೊಂದಕ್ಕೆ ಹಾಕಲೇಬಾರದು. ಡಬ್ಬಿ ಕೊಳ್ಳುವಾಗ ಬರೀ '.32' ಎಂದು ಕೇಳಿ ತಪ್ಪು ಡಬ್ಬಿ ತಂದವರನ್ನು ನಾನು ನೋಡಿದ್ದೇನೆ.

ಸಾಹುಕಾರರು ಖಾಲಿ ರಿವಾಲ್ವರ್ ಹಿಡಿದು ಟ್ರಿಗರ್ ಎಳೆದರು. ಮೂತಿ ಗಡಿಯಾರದ ಲೋಲಕದ ಹಾಗೆ ಎಡಕ್ಕೆ ಬಲಕ್ಕೆ ಆಡಿತು. ಮತ್ತೆ ಎಳೆದರು, ಮತ್ತೆ ಹಾಗೆಯೇ. ಆಮೇಲೆ ಬಲಗೈ ತೋರುಬೆರಳು ತೋರಿಸಿದರು. ಇಪ್ಪತ್ತು ವರ್ಷದ ಹಿಂದೆ ತೂಕದ ಕಲ್ಲು ಬಿದ್ದು ಮೇಲಿನ ಗೆಣ್ಣು ಜಜ್ಜಿತ್ತು. ಬೆರಳು ಮಡಚುತ್ತದೆ, ಆದರೆ ಉದ್ದದ ಬಿಗಿ ಎಳೆತಕ್ಕೆ ಬಲ ಸಾಲುವುದಿಲ್ಲ. ನಾನು ಅಷ್ಟು ದಿನ ಅವರ ಜೊತೆ ಓಡಾಡಿದರೂ ಆ ಬೆರಳನ್ನು ಗಮನಿಸಿರಲಿಲ್ಲ. ಮೊದಲ ದಿನವೇ ಕೈ ನೋಡಬೇಕಿತ್ತು. ಬಂದೂಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದೆ, ಹಿಡಿಯುವ ಕೈಯ ಬಗ್ಗೆ ಕೇಳಿರಲೇ ಇಲ್ಲ. ಅದು ನನ್ನ ತಪ್ಪು.

ಪಿಸ್ತೂಲಿನಲ್ಲಿ ಒಮ್ಮೆ ಕಾಕ್ ಆದ (ಸುತ್ತಿಗೆ ಹಿಂದಕ್ಕೆ ಹೋಗಿ ನಿಂತ) ಮೇಲೆ ಟ್ರಿಗರಿನ ಎಳೆತ ಸಣ್ಣದು, ಅವರ ಬೆರಳಿಗೆ ಅದು ಸಲೀಸು. ಕಷ್ಟ ಇದ್ದದ್ದು ಸ್ಲೈಡ್ ಎಳೆಯುವುದರಲ್ಲಿ. ಮೊದಲ ಸಲ ಕೈ ಮುಂದೆ ಚಾಚಿ ಎಳೆಯಲು ಹೋಗಿ ಅರ್ಧಕ್ಕೇ ಬಿಟ್ಟರು. ಎದೆಯ ಹತ್ತಿರ ತಂದುಕೊಳ್ಳಿ, ಮೂತಿ ಗುರಿಯ ಕಡೆಗೇ ಇರಲಿ, ಎಡಗೈ ಸ್ಲೈಡನ್ನು ಹಿಡಿದು ನಿಲ್ಲಲಿ, ಬಲಗೈ ಹಿಡಿಕೆಯನ್ನು ಮುಂದಕ್ಕೆ ತಳ್ಳಲಿ ಎಂದೆ. ಮೂಟೆ ತಳ್ಳಿ ಬೆಳೆದ ಕೈ. ಎರಡನೇ ಸಲಕ್ಕೆ ಸ್ಲೈಡ್ ಪೂರ್ತಿ ಹಿಂದೆ ಬಂತು. ಅಲ್ಲಿಗೆ ಪಿಸ್ತೂಲ್ ಎಂದು ತೀರ್ಮಾನವಾಯಿತು.

ಮೂರರಲ್ಲಿ ಒಂದು

ಒಂದೇ ಮಾದರಿಯ ಮೂರು ಹೊಸ ಪಿಸ್ತೂಲುಗಳನ್ನು ಇಳಿಸಲು ಕೇಳಿದೆ. ಡೀಲರ್‌ಗೆ ಇಷ್ಟವಾಗಲಿಲ್ಲ, ಎಲ್ಲ ಒಂದೇ ಅಲ್ವಾ ಎಂದರು. ಒಂದೇ ಅಲ್ಲ. ಕಾಯಿ ಚೀಲ ಕೊಳ್ಳುವಾಗ ಸಾಹುಕಾರರು ಪ್ರತಿ ಚೀಲಕ್ಕೂ ಕೈ ಹಾಕಿ ನೋಡುತ್ತಾರಲ್ಲ, ಅದೇ ರೀತಿ. ಹೊಸದರ ಮೇಲೆ ದಪ್ಪ ಗ್ರೀಸ್ ಇರುತ್ತದೆ. ಅದನ್ನು ಒರೆಸಿ, ಡಮ್ಮಿ ಕಾಡತೂಸು ತುಂಬಿ ಕೈಯಲ್ಲೇ ಸ್ಲೈಡ್ ಎಳೆದು ಒಂದೊಂದಾಗಿ ಹೊರಗೆ ಹಾರಿಸಿ ನೋಡಿದೆವು. ಒಂದರಲ್ಲಿ ಮ್ಯಾಗ್‌ಜಿನ್ ಕೂರುವಾಗ 'ಟಕ್' ಎನ್ನಲು ಎರಡು ಸಲ ಹೊಡೆಯಬೇಕಾಯಿತು. ಇನ್ನೊಂದರಲ್ಲಿ ಎಲ್ಲ ಸರಿ, ಆದರೆ ಸುರಕ್ಷತಾ ಗುಂಡಿ ಅವರ ಹೆಬ್ಬೆರಳಿಗೆ ತುಂಬ ಬಿಗಿ. ಮೂರನೆಯದು ಎರಡು ಮ್ಯಾಗ್‌ಜಿನ್‌ನಲ್ಲೂ ಸಲೀಸಾಗಿ ಓಡಿತು. ಅದನ್ನೇ ತಗೊಂಡರು. ಆಗಸ್ಟ್ 2023.

ಅವರು ಐದು ಲಕ್ಷದವರೆಗೂ ತಯಾರಾಗಿದ್ದರು. ಪಿಸ್ತೂಲಿಗೆ ಹೋದದ್ದು ಒಂದು ಲಕ್ಷ ಚಿಲ್ಲರೆ. ಉಳಿದದ್ದರಲ್ಲಿ ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಲಾಕರ್ ಬಂತು, ಮನೆಯಲ್ಲಿ ಆರು ವರ್ಷದ ಮೊಮ್ಮಗ ಇದ್ದಾನೆ. ಅಭ್ಯಾಸಕ್ಕೆ ಕಾಡತೂಸು ಬಂತು, ಲೈಸೆನ್ಸ್ ಪುಸ್ತಕದಲ್ಲಿ ಬರೆದ ಮಿತಿಯೊಳಗೆ. ಚೊಕ್ಕ ಮಾಡುವ ಸಾಮಾನು ಬಂತು. ಇದಕ್ಕೆಲ್ಲ ಅವರು ಒಂದು ಮಾತೂ ಬೇಡ ಎನ್ನಲಿಲ್ಲ.

ಅನುಮತಿ ಇರುವ ರೇಂಜಿನಲ್ಲಿ ಮೊದಲ ದಿನ 60 ಗುಂಡು ಹಾರಿಸಿದರು. ಮೊದಲ 20ರಲ್ಲಿ ಒಂದು ಸಲ ಸಿಕ್ಕಿಕೊಂಡಿತು, ಆಮೇಲೆ 40 ಸಲೀಸು. ಹೊಸದರಲ್ಲಿ ಇದು ಆಗುವಂಥದ್ದೇ. ಆ ದಿನ ನನ್ನ ಎದೆ ನಡುಗಿದ್ದು ಬೇರೆ ಕಾರಣಕ್ಕೆ.

ಮೂರನೇ ಸುತ್ತಿನಲ್ಲಿ ಐದು ಗುಂಡಾದ ಮೇಲೆ ನಿಲ್ಲಿಸಿದರು. ಮ್ಯಾಗ್‌ಜಿನ್ ತೆಗೆದು ಜೇಬಿಗೆ ಹಾಕಿಕೊಂಡರು. ಮಾತಾಡುತ್ತಾ ನನ್ನ ಕಡೆ ತಿರುಗಿದರು, ಕೈಯಲ್ಲಿದ್ದ ಪಿಸ್ತೂಲೂ ತಿರುಗಿತು. ನಾನು ಅವರ ಮಣಿಕಟ್ಟು ಹಿಡಿದು ಮೂತಿಯನ್ನು ಮಣ್ಣಿನ ದಿಬ್ಬದ ಕಡೆ ಒತ್ತಿದೆ. "ಖಾಲಿ ಐತ್ರಿ, ಮ್ಯಾಗ್‌ಜಿನ್ ತಗದೇನಿ" ಎಂದರು. ನಾನು ಸ್ಲೈಡ್ ಎಳೆದೆ. ಒಂದು ಕಾಡತೂಸು ಹೊರಗೆ ಹಾರಿ ಸಿಮೆಂಟಿನ ಮೇಲೆ ಟಿಣ್ ಎಂದು ಬಿತ್ತು, ಉರುಳಿ ಅವರ ಚಪ್ಪಲಿಗೆ ತಾಗಿ ನಿಂತಿತು. ಸಾಹುಕಾರರು ಅಲ್ಲೇ ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ಮಾತಾಡಲಿಲ್ಲ. ಮ್ಯಾಗ್‌ಜಿನ್ ತೆಗೆದರೂ ಚೇಂಬರಿನಲ್ಲಿ ಒಂದು ಉಳಿದಿರುತ್ತದೆ ಎಂದು ತರಬೇತಿಯಲ್ಲಿ ಅವರಿಗೆ ಹೇಳಿಕೊಟ್ಟಿದ್ದರು, ನಾನೂ ಹೇಳಿದ್ದೆ. ಕೈಗೆ ಅದು ಇಳಿದದ್ದು ಆ ದಿನ. ಆವತ್ತಿನಿಂದ ಅವರು ಮೊದಲು ಮ್ಯಾಗ್‌ಜಿನ್ ತೆಗೆಯುತ್ತಾರೆ, ಮೂರು ಸಲ ಸ್ಲೈಡ್ ಎಳೆಯುತ್ತಾರೆ, ಚೇಂಬರಿನೊಳಗೆ ಕಿರುಬೆರಳು ಹಾಕಿ ಮುಟ್ಟಿ ನೋಡುತ್ತಾರೆ. ಚೇಂಬರಿನಲ್ಲಿ ಗುಂಡು ಇಟ್ಟು ಪಿಸ್ತೂಲನ್ನು ಎತ್ತಿಡುವುದೂ ಇಲ್ಲ.

ಐದು ತಿಂಗಳ ನಂತರ

ಜನವರಿ 2024ರಲ್ಲಿ ಫೋನ್ ಬಂತು. ದನಿಯಲ್ಲಿ ಬೇಜಾರು ಇತ್ತು. "ಹವಾಲ್ದಾರ್ರ, ನಿಮ್ಮ ಮಾತು ಕೇಳಿ ಸೋವಿ ಮಾಲು ತಗೊಂಡೆ ನೋಡ್ರಿ." ರೇಂಜಿಗೆ ಹೋಗಿದ್ದರಂತೆ. 14 ಗುಂಡಿನಲ್ಲಿ ಐದು ಸಲ ನಿಂತಿದೆ. ಇದನ್ನು ಕೊಟ್ಟು ಆ ಹಳೇ ವಿದೇಶಿಯನ್ನೇ ತರುತ್ತೇನೆ ಎಂದರು. ಇನ್ನೆರಡು ದಿನ ತಡೆಯಿರಿ ಎಂದು ಹೇಳಿ ಬಸ್ ಹತ್ತಿದೆ.

ಸುಗ್ಗಿಯ ಕಾಲ. ಅಂಗಡಿಯ ಹತ್ತಿರ ಹೋಗುತ್ತಿದ್ದಂತೆ ಕಣ್ಣು ಉರಿ, ಮೂಗಲ್ಲಿ ಘಾಟು. ಗಾಳಿಯಲ್ಲೇ ಕೆಂಪು ಪುಡಿ ತೇಲುತ್ತಿರುತ್ತದೆ. ಪಿಸ್ತೂಲ್ ಎಲ್ಲಿಡುತ್ತೀರಿ ಎಂದು ಕೇಳಿದೆ. ಹಗಲು ಹೊತ್ತು ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ, ಬೀಗ ಹಾಕಿ. ರಾತ್ರಿ ಮನೆಯ ಲಾಕರ್. ಎಣ್ಣೆ ಹಾಕುತ್ತೀರಾ? "ದಿನಾ ಹಾಕ್ತೇನ್ರಿ, ಮ್ಯಾಗ್‌ಜಿನ್‌ನಾಗೂ ಬಿಡ್ತೇನಿ" ಎಂದರು ಹೆಮ್ಮೆಯಿಂದ.

ಪಿಸ್ತೂಲನ್ನು ಖಾಲಿ ಮಾಡಿ, ಬಿಳಿ ಬಟ್ಟೆ ಹಾಸಿ, 1ನೇ ಮ್ಯಾಗ್‌ಜಿನ್ ತಳದ ಮುಚ್ಚಳ ಸರಿಸಿದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಕೆಂಪು ಲೇಹ್ಯದಂಥದ್ದು ಮೆತ್ತಿಕೊಂಡಿತ್ತು. ಎಣ್ಣೆಯಲ್ಲಿ ಕಲಸಿದ ಮೆಣಸಿನ ಪುಡಿ. ಅದರಲ್ಲಿ ಒಂದು ಬೀಜವೂ ಇತ್ತು, ಚಪ್ಪಟೆಯ ಹಳದಿ ಬೀಜ, ಕಾಡತೂಸನ್ನು ಮೇಲೆ ತಳ್ಳುವ ತಟ್ಟೆಯ ಅಂಚಿಗೇ ಸಿಕ್ಕಿಕೊಂಡಿತ್ತು. ತಟ್ಟೆಯನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಕೆಸರಿನಿಂದ ಕಾಲೆತ್ತಿದ ಹಾಗೆ ನಿಧಾನಕ್ಕೆ ಏಳುತ್ತಿತ್ತು. ಸ್ಲೈಡ್ ಮುಂದೆ ಬರುವ ಹೊತ್ತಿಗೆ ಕಾಡತೂಸು ಮೇಲೆ ಬಂದಿರುವುದೇ ಇಲ್ಲ. ಸಾಹುಕಾರರು ಬಗ್ಗಿ ನೋಡಿದರು. ಬೀಜವನ್ನು ಉಗುರಲ್ಲಿ ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. "ಇದು ನಮ್ಮ ಅಂಗಡಿದs ಐತಿ" ಎಂದರು ಮೆಲ್ಲಗೆ.

ಐದರಲ್ಲಿ ನಾಲ್ಕು ತೊಂದರೆಗೆ ಕಾರಣ ಅದೇ. ಐದನೆಯದು ಬೇರೆ ಇತ್ತು. ಅದರ ವಿವರ ಅವರು ಫೋನಿನಲ್ಲಿ ಹೇಳಿದ್ದು ನನಗೆ ನೆನಪಿತ್ತು: ಎರಡು ಕಾಡತೂಸು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿದ್ದವು. .32 ಎಸಿಪಿ ಕಾಡತೂಸಿನ ತಳದ ಅಂಚು ಮೈಗಿಂತ ತುಸು ಹೊರಗೆ ಚಾಚಿರುತ್ತದೆ. ಮ್ಯಾಗ್‌ಜಿನ್ ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ, ಮೇಲಿನದು ಮುಂದೆ ಹೋಗುವಾಗ ಕೆಳಗಿನದಕ್ಕೆ ಸಿಕ್ಕಿ ನಿಲ್ಲುತ್ತದೆ. ಇದು ಈ ಕಾಡತೂಸಿನ ಜೊತೆಗೇ ಬಂದ ಗುಣ, ಎಷ್ಟೇ ದುಬಾರಿ ಪಿಸ್ತೂಲಾದರೂ ತಪ್ಪಿದ್ದಲ್ಲ. ಆತುರದಲ್ಲಿ ತುಂಬಿದ್ದರು. ಒಂದೊಂದನ್ನೂ ಹಾಕಿ ಹಿಂದಕ್ಕೆ ಒತ್ತಿ ನೋಡುವುದನ್ನು ತೋರಿಸಿಕೊಟ್ಟೆ.

ಮ್ಯಾಗ್‌ಜಿನ್‌ಗಳನ್ನು ಚೊಕ್ಕ ಮಾಡಿದೆವು. ಒಳಗೆ ಎಣ್ಣೆ ಹಾಕಲೇಬೇಡಿ, ಒಣ ಬಟ್ಟೆಯಲ್ಲಿ ಒರೆಸಿ ಸಾಕು ಎಂದೆ. ಸ್ಲೈಡ್ ಓಡುವ ಹಳಿಗೆ ಮಾತ್ರ ಒಂದೊಂದು ಹನಿ. ಅಂಗಡಿಯ ಖಾನೆಯ ಬದಲು ಒಳಕೋಣೆಯಲ್ಲಿ ಮುಚ್ಚಳ ಬಿಗಿಯಾಗಿ ಕೂರುವ ಕಬ್ಬಿಣದ ಪೆಟ್ಟಿಗೆ ಗೋಡೆಗೆ ಹಾಕಿಸಿದರು. ಮರುವಾರ ರೇಂಜಿನಲ್ಲಿ 28 ಗುಂಡು. ಒಂದೂ ನಿಲ್ಲಲಿಲ್ಲ. ಪಿಸ್ತೂಲು ಅದೇ, ಮ್ಯಾಗ್‌ಜಿನ್ ಅವೇ, ಕಾಡತೂಸಿನ ಡಬ್ಬಿ ಅದೇ.

ಆ ದಿನವೇ ಸಾಹುಕಾರರು ಕಿರ್ದಿಯಲ್ಲಿ ಒಂದು ಪುಟ ತೆಗೆದರು. ತಾರೀಖು, ಮ್ಯಾಗ್‌ಜಿನ್ ನಂಬರ್, ಎಷ್ಟು ಹಾರಿಸಿದೆ, ಎಷ್ಟು ನಿಂತಿತು, ಹೇಗೆ ನಿಂತಿತು. ನಾನು ಹೇಳಿಕೊಟ್ಟದ್ದಲ್ಲ ಅದು. ವ್ಯಾಪಾರಿಗೆ ಲೆಕ್ಕ ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಚುನಾವಣೆ, ಚರ್ಮ, ತುಕ್ಕು

ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು, ನೀತಿಸಂಹಿತೆ ಬಂತು. ಆಯುಧ ಜಮಾ ಮಾಡಲು ಅವರಿಗೂ ಹೇಳಿಕಳಿಸಿದರು. ಸಾಹುಕಾರರು ಪಿಸ್ತೂಲನ್ನು ಹೊಸ ಚರ್ಮದ ಹೋಲ್‌ಸ್ಟರಿನಲ್ಲೇ ಇಟ್ಟು ಠಾಣೆಗೆ ಕೊಟ್ಟು ರಸೀದಿ ತಂದರು. ನಮ್ಮ ಕಡೆ ಮತದಾನ ಮೇ 7, ಎಣಿಕೆ ಜೂನ್ 4. ವಾಪಸ್ ಬಂದಾಗ ಮಳೆ ಶುರುವಾಗಿತ್ತು. ಸ್ಲೈಡಿನ ಬಲಗಡೆ, ಚರ್ಮ ಒತ್ತಿಕೊಂಡಿದ್ದ ಜಾಗದಲ್ಲೇ, ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕೆಗಳು. ಚರ್ಮ ತೇವ ಹಿಡಿದುಕೊಳ್ಳುತ್ತದೆ, ಹದ ಮಾಡುವಾಗ ಹಾಕಿದ ಉಪ್ಪು-ರಾಸಾಯನಿಕವೂ ಅದರಲ್ಲಿರುತ್ತದೆ. ಠಾಣೆಯವರದ್ದು ಏನೂ ತಪ್ಪಿಲ್ಲ, ಕೊಟ್ಟ ಹಾಗೇ ಇಟ್ಟಿದ್ದರು. ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿ ಕೊಡಿ ಎಂದು ನಾನು ಮೊದಲೇ ಹೇಳಬೇಕಿತ್ತು. ಎಣ್ಣೆ ಮತ್ತು ಒರಟು ಬಟ್ಟೆಯಲ್ಲಿ ತಿಕ್ಕಿ ತೆಗೆದೆವು. ಬಣ್ಣ ಅಲ್ಲಲ್ಲಿ ಹೋಯಿತು. ಕೆಲಸಕ್ಕೆ ತೊಂದರೆಯಾಗಲಿಲ್ಲ.

ಇದರಿಂದ ನಾನು ಬದಲಿಸಿಕೊಂಡದ್ದು

ಈ ಪ್ರಕರಣ ಆದ ಮೇಲೆ ನನ್ನ ಸಲಹೆಯ ಕ್ರಮವೇ ಬದಲಾಗಿದೆ. ಯಾರೇ ಬಂದರೂ ಮೊದಲು ಕೈ ನೋಡುತ್ತೇನೆ. ಬೆರಳು, ಮಣಿಕಟ್ಟು, ಹಳೇ ಪೆಟ್ಟು. ಆಮೇಲೆ ಎಲ್ಲಿ ಇಡುತ್ತೀರಿ ಎಂದು ಕೇಳುತ್ತೇನೆ. ಗದಗದ ಹತ್ತಿ ಜಿನ್ನಿಂಗ್ ಮಿಲ್ಲಿನವರು ಬಂದರೆ ಹತ್ತಿಯ ನೂಲಿನ ಧೂಳು, ಹಿಟ್ಟಿನ ಗಿರಣಿಯವರಾದರೆ ಹಿಟ್ಟು. ಯಾವ ಕಂಪನಿ ಎಂಬ ಮಾತು ಮೂರನೆಯದು. ಅಲ್ಲೂ ಕಂಪನಿಗಿಂತ ಕೈಯಲ್ಲಿರುವ ಆ ಒಂದು ತುಣುಕು ಹೇಗಿದೆ ಎಂದೇ ನೋಡುತ್ತೇನೆ, ಅದರ ಮ್ಯಾಗ್‌ಜಿನ್‌ಗೆ ನಂಬರ್ ಹಾಕಿ, ಇಲ್ಲಿ ಸಿಗುವ ಕಾಡತೂಸಿನಲ್ಲೇ ಓಡಿಸಿ. ಹಳೇ ವಿದೇಶಿಗಳನ್ನು ಬೇಡವೇ ಬೇಡ ಎನ್ನುವುದಿಲ್ಲ. ಮೂಲದ ಮ್ಯಾಗ್‌ಜಿನ್ ಎರಡಿದ್ದು, ಸ್ಪ್ರಿಂಗ್ ಗಟ್ಟಿಯಿದ್ದು, ಪರೀಕ್ಷೆಯಲ್ಲಿ ಪಾಸಾದದ್ದು ಸಿಕ್ಕರೆ ದುಡ್ಡಿದ್ದವರು ಸಂತೋಷವಾಗಿ ತಗೊಳ್ಳಲಿ. ಆದರೆ ಬೆಲೆಯನ್ನೇ ನೋಡಿ ಇದು ಕೈ ಕೊಡುವುದಿಲ್ಲ ಎಂದು ನಂಬುವುದನ್ನು ನಾನು ಒಪ್ಪುವುದಿಲ್ಲ.

ಇದ್ದ ದುಡ್ಡೆಲ್ಲ ಪಿಸ್ತೂಲಿಗೇ ಹಾಕುವವರ ಜೊತೆ ಈಗ ನಾನು ಜಗಳವನ್ನೇ ಆಡುತ್ತೇನೆ. ಲಾಕರಿಗೆ, ಅಭ್ಯಾಸದ ಕಾಡತೂಸಿಗೆ, ರೇಂಜಿಗೆ ಹೋಗಿಬರುವ ಖರ್ಚಿಗೆ ಎತ್ತಿಡದಿದ್ದರೆ ನಾನು ಅಂಗಡಿಗೆ ಜೊತೆ ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ. ಜನವರಿಯಲ್ಲಿ ಸಾಹುಕಾರರು ರೇಂಜಿಗೆ ಹೋಗಿರದಿದ್ದರೆ ಆ ಕೆಂಪು ಲೇಹ್ಯ ಯಾವತ್ತು ಗೊತ್ತಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ನನಗೆ ಕಸಿವಿಸಿಯಾಗುತ್ತದೆ.

ಕಳೆದ ಸಲ ಹೋದಾಗ ಅವರು ಕಿರ್ದಿ ತಂದು ಮುಂದೆ ಇಟ್ಟರು. ತುಕ್ಕು ತೆಗೆದ ಮೇಲಿನ ನಮೂದು ಹೀಗಿತ್ತು: '1ನೇ ಮ್ಯಾಗ್‌ಜಿನ್ 14, ನಿಂತದ್ದು ಇಲ್ಲ. 2ನೇ ಮ್ಯಾಗ್‌ಜಿನ್ 14, ನಿಂತದ್ದು ಒಂದು, ಕಾಡತೂಸು ಹಾರಲಿಲ್ಲ, ತಳದಲ್ಲಿ ಪೆಟ್ಟಿನ ಗುರುತು ಐತಿ.' ಗುರುತು ಆಳವಾಗಿದ್ದರೆ ಕಾಡತೂಸಿನ ತಪ್ಪು, ಬರೀ ಮೇಲ್ಮೈಯಲ್ಲಿ ತೆಳುವಾಗಿದ್ದರೆ ಪಿಸ್ತೂಲಿನದ್ದು. ಆ ಕಾಡತೂಸನ್ನು ರೇಂಜಿನವರಿಗೆ ಒಪ್ಪಿಸುವ ಮುಂಚೆ ತಳದ ಫೋಟೋ ತೆಗೆದಿದ್ದರು. ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ದೊಡ್ಡದು ಮಾಡಿ ನೋಡಿದೆ. ಗುರುತು ಆಳವಾಗಿಯೇ ಇತ್ತು.